ಎರಡೂ ಕಡೆ ಅಣುಬಾಂಬ್ ಇದ್ದಮೇಲೆ ಟ್ಯಾಂಕು, ತೋಪು, ವಿಮಾನ ಯಾರನ್ನು ಹೆದರಿಸೋದಕ್ಕೆ?

ಸುಮ್ನೆ_ಓದೋನು
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. 1998ರ ಮೇ ತಿಂಗಳಲ್ಲಿ ನಾವು ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿದೆವು. ಅದೇ ತಿಂಗಳು ಮುಗಿಯುವುದರೊಳಗೆ ಪಾಕಿಸ್ತಾನ ಚಾಗೈನಲ್ಲಿ ಮಾಡಿತು. ಇಬ್ಬರ ಹತ್ತಿರವೂ ಬಾಂಬ್ ಇದೆ, ಇನ್ನು ಯುದ್ಧ ಆಗಲ್ಲ ಅಂತ ಬಹಳ ಜನ ಅಂದುಕೊಂಡರು. ಮುಂದಿನ ವರ್ಷವೇ ಕಾರ್ಗಿಲ್. ಆಮೇಲೆ 2001–02ರಲ್ಲಿ ಗಡಿಯಲ್ಲಿ ಸೈನ್ಯದ ಜಮಾವಣೆ, ಉರಿ, ಬಾಲಾಕೋಟ್, 2025ರಲ್ಲಿ ಆಪರೇಷನ್ ಸಿಂಧೂರ.

2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಬಾಂಬ್ ಇರುವುದರಿಂದ ದೊಡ್ಡ ಯುದ್ಧ ಆಗಲ್ಲ ಅನ್ನುವುದಾದರೆ ಇಷ್ಟೊಂದು ಟ್ಯಾಂಕ್, ತೋಪು, ವಿಮಾನ ಯಾಕೆ? ಅವು ಬೇಕೇ ಬೇಕು ಅನ್ನುವುದಾದರೆ ಬಾಂಬ್ ಇಟ್ಟುಕೊಂಡು ಏನು ಪ್ರಯೋಜನ? ತಿಳಿದವರು ಹೇಳಿ. ಪಕ್ಷ ರಾಜಕೀಯ ದಯವಿಟ್ಟು ಬೇಡ.

ಕಿರಿಕ್_ಕಿಟ್ಟಿ
"ರಾಜಕೀಯ ಬೇಡ" ಅಂದ ಮೇಲೆ ಎರಡನೇ ಪುಟಕ್ಕೆ ಗ್ಯಾರಂಟಿ ಬರುತ್ತೆ. ಕಾದು ನೋಡಿ.

ಇತಿಹಾಸದ_ಹುಚ್ಚ
ನಿಮ್ಮ ಪ್ರಶ್ನೆಯನ್ನು 1965ರಲ್ಲೇ ಗ್ಲೆನ್ ಸ್ನೈಡರ್ ಅನ್ನೋ ಅಮೆರಿಕದ ವಿದ್ವಾಂಸ ಎತ್ತಿದ್ದ. ಅವನು ಹೇಳಿದ್ದು ಇಷ್ಟು: ಮೇಲಿನ ಹಂತದಲ್ಲಿ ಇಬ್ಬರೂ ಕೈಕಟ್ಟಿ ಕೂತರೆ ಕೆಳಗಿನ ಹಂತದಲ್ಲಿ ಕೈಯಾಡಿಸಲು ಧೈರ್ಯ ಬರುತ್ತೆ. ಹೇಗೂ ಅಣುಯುದ್ಧಕ್ಕೆ ಯಾರೂ ಹೋಗಲ್ಲ, ಹಾಗಾಗಿ ಸಣ್ಣ ಕಿತಾಪತಿ ಮಾಡಿದರೆ ನಡೆಯುತ್ತೆ ಅಂತ.

ಕಾರ್ಗಿಲ್ ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಲ್ಲಿ ಲಾಹೋರ್‌ಗೆ ಹೋಗಿ ಬಂದರು. ಅಷ್ಟರಲ್ಲಾಗಲೇ ಪಾಕಿಸ್ತಾನದವರು ಗುಡ್ಡ ಹತ್ತುವ ಕೆಲಸ ಶುರು ಮಾಡಿದ್ದರು. ಮುಜಾಹಿದ್ದೀನ್‌ಗಳು ಅಂತ ಹೊರಗೆ ಹೇಳಿಕೊಂಡು ಒಳಗೆ ಕಳಿಸಿದ್ದು ತಮ್ಮದೇ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರನ್ನು. ನಮ್ಮ ಸೈನ್ಯ ದೊಡ್ಡದು ಅನ್ನೋದು ಅವರಿಗೆ ಗೊತ್ತಿರಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಬಾಂಬ್ ಭಯಕ್ಕೆ ಭಾರತ ಯುದ್ಧವನ್ನು ಹಿಗ್ಗಿಸಲ್ಲ ಅನ್ನೋ ಲೆಕ್ಕ ಇತ್ತು.

ರಾತ್ರಿಪಾಳಿ
ಆ ಲೆಕ್ಕ ಅರ್ಧ ಸರಿಯಾಗೇ ಇತ್ತಲ್ಲ ಸಾರ್. ನಾವು ನಿಯಂತ್ರಣ ರೇಖೆ ದಾಟಲಿಲ್ಲ. ವಾಯುಪಡೆಗೂ ದಾಟಬೇಡಿ ಅಂತ ಆದೇಶ ಇತ್ತು.

ಇತಿಹಾಸದ_ಹುಚ್ಚ
ದಾಟಲಿಲ್ಲ ನಿಜ. ಆದರೆ ಇದ್ದ ಜಾಗದಲ್ಲೇ ಬೋಫೋರ್ಸ್ ತೋಪು ತಂದು, ಮಿರಾಜ್‌ಗಳಿಂದ ಲೇಸರ್ ಬಾಂಬ್ ಹಾಕಿಸಿ, ಒಂದೊಂದೇ ಶಿಖರ ವಾಪಸ್ ತಗೊಂಡೆವು. 527 ಜನ ಪ್ರಾಣ ಕೊಟ್ಟರು. ತೋಪು, ವಿಮಾನ ಇಲ್ಲದಿದ್ದರೆ ನಮ್ಮ ಮುಂದೆ ಎರಡೇ ದಾರಿ ಇರುತ್ತಿತ್ತು: ಬಾಂಬ್ ಹಾಕೋದು, ಇಲ್ಲಾ ತೋಲೋಲಿಂಗ್ ಥರದ ಶಿಖರ ಬಿಟ್ಟುಕೊಡೋದು. ಮೊದಲ ಪೋಸ್ಟಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತೆ. ಒಂದು ಗುಡ್ಡಕ್ಕೋಸ್ಕರ ಅಣುಬಾಂಬ್ ಹಾಕ್ತೀವಿ ಅಂದರೆ ಯಾರೂ ನಂಬಲ್ಲ. ಯಾರೂ ನಂಬದ ಬೆದರಿಕೆಗೆ ಬೆಲೆ ಇಲ್ಲ.

ಸಂಪಿಗೆ
ಒಪ್ಪಿದೆ. ಆದರೆ ಅದು ತಡೆದಿದ್ದಲ್ಲ, ಆದ ಮೇಲೆ ಸರಿಪಡಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಮ್ಮ ಸೈನ್ಯ ನೋಡಿ ಅವರು ಹೆದರಿ ಬರದೇ ಇದ್ದಿದ್ದರೆ ಅದಕ್ಕೆ ತಡೆ ಅನ್ನಬಹುದಿತ್ತು. ಅವರು ಬಂದರು.

ನಿವೃತ್ತ_ಆರ್ಮರ್ಡ್
ಆಪರೇಷನ್ ಪರಾಕ್ರಮ್, ಅಂದರೆ ಆ 2001–02ರ ಜಮಾವಣೆ ಹೊತ್ತಿಗೆ ನಾನು ಟ್ಯಾಂಕ್ ರೆಜಿಮೆಂಟಿನಲ್ಲಿದ್ದೆ. ಯಾವುದು ಅನ್ನೋದು ಇಲ್ಲಿ ಬೇಡ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು, ಕೆಲವೇ ದಿನದಲ್ಲಿ ಹೊರಡಿ ಅಂತ ಆದೇಶ ಬಂತು. "ಹೊರಡಿ" ಅನ್ನೋದು ಒಂದು ಮಾತು, ಟ್ಯಾಂಕ್ ಹೊರಡಿಸೋದು ಬೇರೆ ಕಥೆ. ರೈಲು ಬೇಕು, ಅದಕ್ಕೆ ಚಪ್ಪಟೆ ವ್ಯಾಗನ್ ಬೇಕು. ನಲವತ್ತು ಟನ್ ದಾಟುವ ಗಾಡಿಯನ್ನು ರಾತ್ರಿ ಹೊತ್ತು, ಟಾರ್ಚ್ ಬೆಳಕಲ್ಲಿ, ಇಂಚಿಂಚು ಹತ್ತಿಸಬೇಕು. ಮುಂದೆ ನಿಂತವನು ಕೈ ತೋರಿಸುತ್ತಾನೆ, ಚಾಲಕನಿಗೆ ಕಾಣೋದು ಆ ಕೈ ಮಾತ್ರ. ಎರಡೂ ಪಕ್ಕ ಚೈನು ವ್ಯಾಗನ್‌ನಿಂದ ಸ್ವಲ್ಪ ಹೊರಗೇ ಚಾಚಿರುತ್ತೆ. ಹತ್ತಿಸಿದ ಮೇಲೆ ಗಾಲಿಗೆ ಮರದ ತುಂಡು ಕೊಟ್ಟು ಸರಪಳಿ ಬಿಗಿಯಬೇಕು. ಆಮೇಲೆ ರೈಲು ಯಾವುದೋ ಸೈಡಿಂಗ್‌ನಲ್ಲಿ ಗಂಟೆಗಟ್ಟಲೆ ಕಾಯುತ್ತೆ.

ಮಥುರಾ, ಅಂಬಾಲಾ, ಭೋಪಾಲ್. ನಮ್ಮ ಮೂರು ಸ್ಟ್ರೈಕ್ ಕೋರ್ (ಶತ್ರು ನೆಲಕ್ಕೆ ನುಗ್ಗುವ ದೊಡ್ಡ ದಂಡು) ಇದ್ದದ್ದು ಅಲ್ಲಿ. ಗಡಿಯಿಂದ ಎಷ್ಟು ದೂರ ಅಂತ ಮ್ಯಾಪ್ ತೆಗೆದು ನೋಡಿ. ಎಲ್ಲಾ ಬಂದು ಸೇರುವಾಗ ಸುಮಾರು ಮೂರು ವಾರ. ಅಷ್ಟರಲ್ಲಿ ಎದುರಿನವರು ತಮ್ಮ ಜಾಗ ಹಿಡಿದು ಕೂತಿದ್ದರು, ಅವರ ದಂಡುಗಳು ಗಡಿಗೆ ಹತ್ತಿರ. ಜನವರಿ 12ಕ್ಕೆ ಮುಷರಫ್ ಟಿವಿಯಲ್ಲಿ ಭಾಷಣ ಮಾಡಿದರು, ಅಮೆರಿಕ ನಡುವೆ ಬಂತು, ಮುಗೀತು. ನಾವು ಮರಳಲ್ಲೇ ಉಳಿದೆವು.

ಸುಮ್ನೆ_ಓದೋನು
ಹತ್ತು ತಿಂಗಳು ಅಲ್ವಾ ಸಾರ್?

ನಿವೃತ್ತ_ಆರ್ಮರ್ಡ್
ಹೌದು, ಅಕ್ಟೋಬರ್‌ವರೆಗೆ. ಗುಂಡು ಹಾರಿಸೋ ಯುದ್ಧ ಆಗಲಿಲ್ಲ. ಆದರೂ ನೆಲಬಾಂಬ್ ಹೂಳುವಾಗ, ತೆಗೆಯುವಾಗ, ಅಪಘಾತಗಳಲ್ಲಿ ನೂರಾರು ಯೋಧರು ಸತ್ತರು ಇಲ್ಲವೇ ಗಾಯಗೊಂಡರು. ಮರಳಲ್ಲಿ ಹೂತ ಮೈನ್ ಹೂತಲ್ಲೇ ಇರಲ್ಲ. ಗಾಳಿ ಬೀಸಿದರೆ ದಿಬ್ಬವೇ ಸರಿಯುತ್ತೆ. ನಕ್ಷೆಯಲ್ಲಿ ಗುರುತು ಮಾಡಿದ ಸಾಲು ಒಂದು ಕಡೆ, ಮೈನ್ ಇನ್ನೊಂದು ಕಡೆ. ಅದರ ಬಗ್ಗೆ ಟಿವಿಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ.

ಬ್ಯಾಂಕ್_ಭಾಗ್ಯ
ಇಂಥದ್ದು ಓದೋಕೆ ಅಂತಲೇ ಇಲ್ಲಿ ಬರೋದು. ಥ್ಯಾಂಕ್ಸ್ ಸಾರ್.

ಬಜೆಟ್ ಬಗ್ಗೆ ಒಂದು ಮಾತು. 6.81 ಲಕ್ಷ ಕೋಟಿ ಅಷ್ಟೂ ಟ್ಯಾಂಕ್, ವಿಮಾನಕ್ಕೆ ಹೋಗಲ್ಲ. ಹೊಸ ಸಾಮಾನು ಕೊಳ್ಳೋ ಬಂಡವಾಳ ಖಾತೆಗೆ 1.80 ಲಕ್ಷ ಕೋಟಿ. ಪಿಂಚಣಿಗೇ 1.60 ಲಕ್ಷ ಕೋಟಿ. ಉಳಿದದ್ದು ಸಂಬಳ, ಇಂಧನ, ರಿಪೇರಿ ಇತ್ಯಾದಿ. "ಇಷ್ಟೊಂದು ದುಡ್ಡು ಆಯುಧಕ್ಕೆ" ಅನ್ನೋದು ಪೂರ್ತಿ ನಿಜವಲ್ಲ.

ಕಿರಿಕ್_ಕಿಟ್ಟಿ
ಹಾಗಾದರೆ ಪಿಂಚಣಿ ತೋರಿಸಿ ಹೆದರಿಸೋಣ.

ನಿವೃತ್ತ_ಆರ್ಮರ್ಡ್
ಕಿಟ್ಟಿ, ಆ ಪಿಂಚಣಿಯಲ್ಲಿ ಊಟ ಮಾಡ್ತಿರೋನು ನಾನು. ಹುಷಾರು 😄

ಗಣಿತಮೇಷ್ಟ್ರು
ಪರಾಕ್ರಮ್‌ನ ಪಾಠದಿಂದಲೇ 2004ರಲ್ಲಿ ಕೋಲ್ಡ್ ಸ್ಟಾರ್ಟ್ ಅನ್ನೋ ಆಲೋಚನೆ ಬಂತು. ದೊಡ್ಡ ಕೋರ್‌ಗಾಗಿ ಮೂರು ವಾರ ಕಾಯೋದು ಬೇಡ. ಗಡಿ ಹತ್ತಿರ ಟ್ಯಾಂಕ್, ತೋಪು, ಪದಾತಿ ಎಲ್ಲಾ ಸೇರಿದ ಸಣ್ಣ ತುಕಡಿಗಳನ್ನು ಇಟ್ಟು ಒಂದೆರಡು ದಿನದಲ್ಲೇ ನುಗ್ಗೋದು, ಸ್ವಲ್ಪ ಭೂಮಿ ಹಿಡಿದು ಅಲ್ಲೇ ನಿಲ್ಲೋದು, ಅಣು ಗೆರೆ, ಅಂದರೆ ಅವರು ಅಣುಬಾಂಬ್ ಎತ್ತೋ ಹಂತ, ದಾಟದೇ ಇರೋದು. ಕಾಗದದ ಮೇಲೆ ಅಚ್ಚುಕಟ್ಟು.

ಸಮಸ್ಯೆ ಏನಂದರೆ ಆ ಗೆರೆ ಎಲ್ಲಿದೆ ಅಂತ ಗೆರೆ ಎಳೆದವರು ಬಿಡಿಸಿ ಹೇಳಲ್ಲ. ಪಾಕಿಸ್ತಾನದ ಅಣ್ವಸ್ತ್ರ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಖಾಲಿದ್ ಕಿದ್ವಾಯಿ 2002ರಲ್ಲಿ ಇಟಲಿಯ ಇಬ್ಬರು ಸಂಶೋಧಕರಿಗೆ ನಾಲ್ಕು ಸಂದರ್ಭ ಹೇಳಿದ್ದರು. ದೊಡ್ಡ ಪಾಲು ಭೂಮಿ ಹೋದರೆ, ಭೂಸೇನೆಯ ಅಥವಾ ವಾಯುಪಡೆಯ ದೊಡ್ಡ ಭಾಗ ನಾಶವಾದರೆ, ಆರ್ಥಿಕವಾಗಿ ಕತ್ತು ಹಿಸುಕಿದರೆ, ಒಳಗೆ ರಾಜಕೀಯವಾಗಿ ದೇಶ ಒಡೆಯೋ ಹಾಗೆ ಮಾಡಿದರೆ. "ದೊಡ್ಡ" ಅಂದರೆ ಎಷ್ಟು ಕಿಲೋಮೀಟರ್? ಬೇಕಂತಲೇ ಹೇಳಿಲ್ಲ. ಲಾಹೋರ್ ಗಡಿಯಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಥಾರ್ ಮರುಭೂಮಿಯಲ್ಲಿ ಐವತ್ತು ಕಿಲೋಮೀಟರ್ ಹೋದರೂ ಬರೀ ಮರಳು. ಎರಡೂ ಒಂದೇ ತೂಕ ಅಲ್ಲ.

ರಾತ್ರಿಪಾಳಿ
ಕೋಲ್ಡ್ ಸ್ಟಾರ್ಟ್ ಅಂತ ಒಂದು ಇದೆ ಅಂತಲೇ ನಮ್ಮವರು ಬಹಳ ವರ್ಷ ಒಪ್ಪಿರಲಿಲ್ಲ. 2017ರಲ್ಲಿ ಜನರಲ್ ಬಿಪಿನ್ ರಾವತ್ ಆ ಹೆಸರು ಬಾಯಿಬಿಟ್ಟು ಹೇಳಿದ್ದು. ಅಷ್ಟರಲ್ಲಿ ಪಾಕಿಸ್ತಾನ ಉತ್ತರ ರೆಡಿ ಮಾಡಿಕೊಂಡಾಗಿತ್ತು. 2011ರ ಏಪ್ರಿಲ್‌ನಲ್ಲಿ ನಸ್ರ್ ಪರೀಕ್ಷೆ, 60 ಕಿಲೋಮೀಟರ್ ದೂರದ ಸಣ್ಣ ಕ್ಷಿಪಣಿ. ನುಗ್ಗಿ ಬರೋ ಟ್ಯಾಂಕ್ ಗುಂಪಿನ ಮೇಲೇ ಸಣ್ಣ ಅಣುಬಾಂಬ್ ಹಾಕ್ತೀವಿ ಅನ್ನೋ ಸೂಚನೆ.

ನಮ್ಮಲ್ಲಿ ಇರದ, ಇನ್ನೂ ಪೂರ್ತಿ ಕಟ್ಟದ ಯೋಜನೆಗೆ ಅವರು ಆಯುಧ ಮಾಡಿದರು. ಬೆದರಿಕೆ ಕೆಲಸ ಮಾಡಿತು, ಆದರೆ ಉಲ್ಟಾ ದಿಕ್ಕಿಗೆ!

ಇತಿಹಾಸದ_ಹುಚ್ಚ
ಇದರಲ್ಲಿ ಪಾಕಿಸ್ತಾನದ ಹೊಸ ಬುದ್ಧಿವಂತಿಕೆ ಏನೂ ಇಲ್ಲ. ಶೀತಲ ಸಮರದಲ್ಲಿ ಸೋವಿಯತ್ ಟ್ಯಾಂಕ್‌ಗಳ ಸಂಖ್ಯೆ ನೋಡಿ ನ್ಯಾಟೋ ಮಾಡಿದ್ದೂ ಅದನ್ನೇ. ಮಾಮೂಲಿ ಸೈನ್ಯದಲ್ಲಿ ಕಡಿಮೆ ಇದ್ದವರು ಅಣುಬಾಂಬನ್ನು ಮುಂದಿಡುತ್ತಾರೆ, ಮೊದಲು ಬಳಸಲ್ಲ ಅಂತ ಮಾತು ಕೊಡಲ್ಲ. ಜಾಸ್ತಿ ಇದ್ದವರಿಗೆ ಆ ಮಾತು ಕೊಡೋದು ಸುಲಭ. ನಾವು 2003ರ ಜನವರಿಯಲ್ಲಿ ಅಧಿಕೃತವಾಗಿ ಕೊಟ್ಟೆವು. ಜೊತೆಗೆ, ನಮ್ಮ ಮೇಲಾಗಲಿ ಎಲ್ಲೇ ಇರುವ ನಮ್ಮ ಪಡೆಯ ಮೇಲಾಗಲಿ ಅಣುಬಾಂಬ್ ಬಿದ್ದರೆ ತಿರುಗೇಟು ಭಾರೀ ಪ್ರಮಾಣದಲ್ಲಿ ಇರುತ್ತೆ ಅಂತಲೂ ಹೇಳಿದೆವು. ಅಂದರೆ ನಸ್ರ್ ಸಣ್ಣದು ಅನ್ನೋ ರಿಯಾಯಿತಿ ಇಲ್ಲ.

ಸಂಪಿಗೆ
ಅವರದೇ ನೆಲದಲ್ಲಿ ನುಗ್ಗಿದ ನಮ್ಮ ಹತ್ತು ಟ್ಯಾಂಕ್ ಮೇಲೆ ಅವರು ಒಂದು ಸಣ್ಣ ಬಾಂಬ್ ಹಾಕಿದರೆ ನಾವು ಲಾಹೋರ್, ಕರಾಚಿ ಸುಟ್ಟುಹಾಕ್ತೀವಾ? ಮೇಲೆ ನೀವೇ ಬರೆದಿದ್ದೀರಿ, ಯಾರೂ ನಂಬದ ಬೆದರಿಕೆಗೆ ಬೆಲೆ ಇಲ್ಲ ಅಂತ. ಆ ಮಾತು ನಮಗೂ ಅನ್ವಯಿಸುತ್ತೆ ಅಲ್ವಾ?

ನಿವೃತ್ತ_ಆರ್ಮರ್ಡ್
ಮೇಡಂ ಒಳ್ಳೆ ಪ್ರಶ್ನೆ. ನೆಲದ ಕಡೆಯಿಂದ ಒಂದು ವಿಷಯ ಸೇರಿಸ್ತೀನಿ. ಟ್ಯಾಂಕುಗಳು ಸಿನಿಮಾದಲ್ಲಿ ತೋರಿಸೋ ಹಾಗೆ ಒಂದಕ್ಕೊಂದು ಅಂಟಿಕೊಂಡು ಹೋಗಲ್ಲ. ಹರಡಿಕೊಂಡಿರುತ್ತವೆ. ಒಳಗಿನವರಿಗೆ ವಿಕಿರಣ, ರಾಸಾಯನಿಕದಿಂದ ರಕ್ಷಣೆ ಇರುತ್ತೆ. ಒಂದು ಸಣ್ಣ ಬಾಂಬಿಗೆ ಇಡೀ ಬ್ರಿಗೇಡ್ ನಿಲ್ಲಲ್ಲ. ನಿಜವಾಗಿ ನಿಲ್ಲಿಸಬೇಕಾದರೆ ಬಹಳಷ್ಟು ಹಾಕಬೇಕು, ಅದೂ ಪಂಜಾಬಿನ ಅವರದೇ ಹೊಲ, ಊರುಗಳ ನಡುವೆ. ಹಾಗಾಗಿ ನಸ್ರ್ ಯುದ್ಧದ ಆಯುಧಕ್ಕಿಂತ ಜಾಸ್ತಿ ದೆಹಲಿಗೆ ಬರೆದ ಪತ್ರ.

ಕಿರಿಕ್_ಕಿಟ್ಟಿ
ಪತ್ರಕ್ಕೆ ಉತ್ತರ 2016ರಲ್ಲಿ, 2019ರಲ್ಲಿ, 2025ರಲ್ಲಿ ಹೋಗಿದೆ ಸಾರ್. ಪ್ರತಿ ಸಲ ಅಂಚೆ ಇನ್ನಷ್ಟು ಒಳಗೆ ತಲುಪಿದೆ.

ಗಣಿತಮೇಷ್ಟ್ರು
ಕಿಟ್ಟಿ ತಮಾಷೆಗೆ ಹೇಳಿದರೂ ವಿಷಯ ಇರೋದು ಅಲ್ಲೇ. 2008ರ ಮುಂಬೈ ದಾಳಿ ಆದಾಗ ಸೈನಿಕ ಉತ್ತರ ಕೊಡಲಿಲ್ಲ. 2016ರಲ್ಲಿ ಉರಿ ಆದ ಮೇಲೆ ನಿಯಂತ್ರಣ ರೇಖೆಯ ಪಕ್ಕದಲ್ಲೇ ಕಮಾಂಡೋ ದಾಳಿ. 2019ರಲ್ಲಿ ಪುಲ್ವಾಮಾ ಆದ ಮೇಲೆ ಬಾಲಾಕೋಟ್, ಅದು ಪಾಕ್ ಆಕ್ರಮಿತ ಕಾಶ್ಮೀರ ದಾಟಿ ಖೈಬರ್ ಪಖ್ತೂನ್‌ಖ್ವಾದಲ್ಲಿದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮೇಲೆ ಮೇ 7ರ ನಸುಕಿನಲ್ಲಿ ಒಂಬತ್ತು ಕಡೆ ಹೊಡೆತ, ಪಾಕ್ ಪಂಜಾಬಿನ ಬಹಾವಲ್‌ಪುರ, ಮುರೀದ್ಕೆ ಸೇರಿ. 10ನೇ ತಾರೀಕು ರಾವಲ್ಪಿಂಡಿಯ ನೂರ್ ಖಾನ್ ಸೇರಿ ವಾಯುನೆಲೆಗಳು. ಟ್ಯಾಂಕ್ ಒಂದೂ ಗಡಿ ದಾಟಲಿಲ್ಲ. ನಸ್ರ್ ತಡೆಯೋದು ಟ್ಯಾಂಕನ್ನು. ದೂರದಿಂದ ಬರುವ ಬ್ರಹ್ಮೋಸ್ ಕ್ಷಿಪಣಿ ಮುಂದೆ ಅದು ಏನು ಮಾಡುತ್ತೆ? ಭೂಮಿ ಹಿಡಿಯೋ ಯೋಜನೆ ಬಿಟ್ಟು ಹೊಡೆದು ವಾಪಸ್ ಬರೋ ಯೋಜನೆಗೆ ನಾವು ಬದಲಾದೆವು. ಕೋಲ್ಡ್ ಸ್ಟಾರ್ಟ್ ಹೆಸರಲ್ಲಿ ಇಷ್ಟು ವರ್ಷ ನಡೆದ ಚರ್ಚೆ ಒಂದು ಕಡೆ ಉಳೀತು.

ಸಂಪಿಗೆ
ಒಂಬತ್ತು ಕಡೆ ಹೊಡೆದ ಮೊದಲ ರಾತ್ರಿಯೇ ನಮ್ಮ ವಿಮಾನಗಳೂ ಬಿದ್ದವು. ಆಗಿನ ಸಿಡಿಎಸ್ (ಮೂರೂ ಪಡೆಗಳ ಮುಖ್ಯಸ್ಥ) ಅನಿಲ್ ಚೌಹಾಣ್ ಅವರೇ ಸಿಂಗಾಪುರದಲ್ಲಿ ಒಪ್ಪಿಕೊಂಡರು, ಸಂಖ್ಯೆ ಮಾತ್ರ ಹೇಳಲಿಲ್ಲ. ಪಾಕಿಸ್ತಾನ ಅದನ್ನೇ ಹಿಡಿದುಕೊಂಡು ಗೆದ್ದೆವು ಅಂತ ಹಬ್ಬ ಮಾಡಿತು, ಅವರ ಸೇನಾ ಮುಖ್ಯಸ್ಥರು ಫೀಲ್ಡ್ ಮಾರ್ಷಲ್ ಆದರು. ನಾವು ವಾಯುನೆಲೆಗಳ ಉಪಗ್ರಹ ಚಿತ್ರ ತೋರಿಸಿ ಗೆದ್ದೆವು ಅಂದೆವು. 2019ರಲ್ಲೂ ಹೀಗೇ ಆಗಿತ್ತು. ನಮಗೆ ಬಾಲಾಕೋಟ್ ಗೆಲುವು, ಅವರಿಗೆ ಅಭಿನಂದನ್ ಅವರ ಮಿಗ್-21 ಬೀಳಿಸಿದ್ದು ಗೆಲುವು.

ನನ್ನನ್ನು ಕಾಡೋದು ಇದೇ. ತಡೆ ಅನ್ನೋದು ಎದುರಿನವನ ತಲೆಯಲ್ಲಿ ಇರುತ್ತೆ, ನಮ್ಮ ಗೋದಾಮಿನಲ್ಲಿ ಅಲ್ಲ. ಪ್ರತಿ ಸಲವೂ ಇಬ್ಬರೂ "ನಾವೇ ಗೆದ್ದೆವು, ಮುಂದಿನ ಸಲ ಇನ್ನೂ ಚೆನ್ನಾಗಿ ಹೊಡಿಯಬಹುದು" ಅಂದುಕೊಂಡು ಮನೆಗೆ ಹೋದರೆ ಯಾರು ಹೆದರಿದ್ದಾರೆ ಇಲ್ಲಿ?

ರಾತ್ರಿಪಾಳಿ
ಅವರು ಹೆದರಿದ್ದಕ್ಕೇ ಅವರ ಡಿಜಿಎಂಒ (ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕ) ಫೋನ್ ಮಾಡಿದ್ದು. ಮೇ 10, ಮಧ್ಯಾಹ್ನ 3:35ಕ್ಕೆ. 5 ಗಂಟೆಯಿಂದ ನಿಲ್ಲಿಸೋಣ ಅಂತ ತೀರ್ಮಾನ ಆಯಿತು.

ಕಿರಿಕ್_ಕಿಟ್ಟಿ
ನಿಲ್ಲಿಸಿದ್ದು ನಾನು ಅಂತ ಟ್ರಂಪ್ ಹೇಳ್ತಾರೆ. ಎಷ್ಟನೇ ಸಲ ಅಂತ ಲೆಕ್ಕ ತಪ್ಪಿದೆ.

ಬ್ಯಾಂಕ್_ಭಾಗ್ಯ
ಎರಡನೇ ಪುಟ ಬರುವವರೆಗೂ ಕಾಯಲಿಲ್ಲ ನೋಡಿ ಇವರು.

ಇತಿಹಾಸದ_ಹುಚ್ಚ
ಸಂಪಿಗೆಯವರೇ, ಪೂರ್ತಿ ಒಪ್ಪಲ್ಲ. ಯಾರನ್ನು ತಡೀತಿದೀವಿ ಅಂತ ಮೊದಲು ಬಿಡಿಸಿಕೊಳ್ಳಬೇಕು. 1965ರಲ್ಲಿ ಅಖ್ನೂರ್ ಕಡೆ ಟ್ಯಾಂಕ್ ಸಮೇತ ಬಂದ ಹಾಗೆ ಪಾಕ್ ಸೈನ್ಯ ಆಮೇಲೆ ಬಂದಿದೆಯಾ? 1971ರಲ್ಲಿ ಲೋಂಗೆವಾಲಾ ಕಡೆ ಬಂದಿದ್ದೇ ಕೊನೆ. ಐವತ್ತು ವರ್ಷ ದಾಟಿತು. ಅಂತರರಾಷ್ಟ್ರೀಯ ಗಡಿ ದಾಟಿ ದೊಡ್ಡ ಟ್ಯಾಂಕ್ ದಾಳಿ ಮಾಡುವ ಯೋಚನೆ ಅವರಿಗೆ ಬರದ ಹಾಗೆ ನಮ್ಮ ಮಾಮೂಲಿ ಸೈನ್ಯ ಮಾಡಿದೆ. ಅದು ಗೆಲುವು, ಆದರೆ ಸುದ್ದಿ ಆಗಲ್ಲ. ಆಗದೇ ಇದ್ದ ಯುದ್ಧಕ್ಕೆ ಬ್ರೇಕಿಂಗ್ ನ್ಯೂಸ್ ಇರಲ್ಲ.

ನಾವು ತಡೆಯೋಕೆ ಆಗದೇ ಇರೋದು ಬಂದೂಕು ಹಿಡಿದು ಬೆಟ್ಟ ಇಳಿದು ಬರೋ ನಾಲ್ಕು ಜನರನ್ನು. ಅವರನ್ನು ಕಳಿಸುವವನಿಗೆ ನಷ್ಟ ಆಗಬೇಕು ಅನ್ನೋದು 2016ರಿಂದ ನಡೆದಿರೋ ಪ್ರಯತ್ನ.

ಸಂಪಿಗೆ
ಬಿಡಿಸಿದ್ದು ಒಳ್ಳೆಯದಾಯಿತು. ಹಾಗಾದರೆ ನನ್ನ ವಾದ ಆ ಎರಡನೇ ಭಾಗಕ್ಕೆ. 2016 ಆದ ಮೇಲೆ 2019 ಆಯಿತು, 2019 ಆದ ಮೇಲೆ 2025 ಆಯಿತು. ಎರಡು ಹೊಡೆತದ ನಡುವೆ ಕೆಲವು ವರ್ಷ ಸಿಕ್ಕಿದೆ, ಅಷ್ಟೇ. ಪ್ರತಿ ಸಲ ಮೆಟ್ಟಿಲು ಒಂದು ಮೇಲೆ. ಎಷ್ಟು ಮೆಟ್ಟಿಲಿದೆ ಅಂತ ಎಣಿಸಿದವರು ಯಾರೂ ಇಲ್ಲ.

ಗಣಿತಮೇಷ್ಟ್ರು
ಇನ್ನೊಂದು ಅಪಾಯ ಹೇಳ್ತೀನಿ. 2022ರ ಮಾರ್ಚ್ 9. ನಮ್ಮ ಬ್ರಹ್ಮೋಸ್ ಒಂದು ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಸ್ಫೋಟ ಆಗಲಿಲ್ಲ, ಯಾರೂ ಸಾಯಲಿಲ್ಲ. ನಾವು ಬಹಿರಂಗವಾಗಿ ಒಪ್ಪಿಕೊಂಡದ್ದು ಎರಡು ದಿನದ ಮೇಲೆ. ಆಮೇಲೆ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ಅದು ಆಗಿದ್ದು ಶಾಂತಿ ಕಾಲದಲ್ಲಿ. ಅದೇ ಕ್ಷಿಪಣಿ 2025ರ ಮೇ 9ರ ರಾತ್ರಿ ಹಾಗೆ ಹಾರಿದ್ದರೆ? ರಾಡಾರ್ ಮುಂದೆ ಕೂತವನಿಗೆ ಸಿಗೋದು ಕೆಲವೇ ನಿಮಿಷ. ಅದರ ತಲೆಯಲ್ಲಿ ಏನಿದೆ ಅಂತ ಪರದೆ ತೋರಿಸಲ್ಲ.

ರಾತ್ರಿಪಾಳಿ
ಬ್ರಹ್ಮೋಸ್‌ನಲ್ಲಿ ಅಣು ಸಿಡಿತಲೆ ಇಲ್ಲ ಅಂತ ಅವರಿಗೂ ಗೊತ್ತು.

ಗಣಿತಮೇಷ್ಟ್ರು
ಹಗಲು ಹೊತ್ತು, ಆಫೀಸಲ್ಲಿ, ಚಹಾ ಕುಡೀತಾ ಗೊತ್ತು. ನೂರ್ ಖಾನ್ ನೆಲೆ ಅವರ ಅಣ್ವಸ್ತ್ರ ನೋಡಿಕೊಳ್ಳುವ ಕಚೇರಿಗೆ ದೂರ ಏನಿಲ್ಲ. ಅಲ್ಲಿ ಹೊಡೆತ ಬಿದ್ದಾಗ ಅದು ಬರೀ ವಾಯುನೆಲೆಗೆ ಬಿತ್ತು ಅಂತ ಅಂದುಕೊಳ್ಳೋದು ಅವರ ಇಷ್ಟ. ನಮ್ಮ ಕೈಯಲ್ಲಿಲ್ಲ.

ಸುಮ್ನೆ_ಓದೋನು
ಇಷ್ಟೆಲ್ಲ ಆದರೂ ಒಂದು ವಿಚಿತ್ರ ನೋಡಿ. ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣುಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. 1992ರಿಂದ ಒಂದು ವರ್ಷವೂ ತಪ್ಪಿಲ್ಲ. ಕಾರ್ಗಿಲ್ ಆದ ಮೇಲೂ, ಪುಲ್ವಾಮಾ ಆದ ಮೇಲೂ, ಸಿಂಧೂರ ಆದ ಮೇಲೂ ಕೊಟ್ಟಿದ್ದಾರೆ. ಸಿಂಧೂ ನದಿ ಒಪ್ಪಂದ ಅಮಾನತಿನಲ್ಲಿದೆ, ಈ ಪಟ್ಟಿ ಮಾತ್ರ ನಡೀತಿದೆ.

ನಿವೃತ್ತ_ಆರ್ಮರ್ಡ್
ಇಲ್ಲಿ ಎಲ್ಲರೂ ಪಾಕಿಸ್ತಾನದ ಬಗ್ಗೆ ಮಾತ್ರ ಬರೀತಿದೀರಿ. ಉತ್ತರದ ಕಡೆ ನೋಡಿ. ಗಲ್ವಾನ್‌ನಲ್ಲಿ 2020ರ ಜೂನ್ 15ರಂದು 20 ಜನರನ್ನು ಕಳೆದುಕೊಂಡೆವು. ಅಲ್ಲೂ ಎರಡೂ ಕಡೆ ಅಣುಬಾಂಬ್ ಇದೆ, ಹೊಡೆದಾಡಿದ್ದು ಮೊಳೆ ಹೊಡೆದ ದೊಣ್ಣೆ, ಕಲ್ಲಿನಿಂದ. ಆಮೇಲೆ ಮಥುರಾದ ಒಂದನೇ ಕೋರ್ ಮುಖವನ್ನು ಲಡಾಖ್ ಕಡೆ ತಿರುಗಿಸಿದರು. ಮೂರು ಸ್ಟ್ರೈಕ್ ಕೋರ್‌ನಲ್ಲಿ ಪಶ್ಚಿಮಕ್ಕೆ ಉಳಿದದ್ದು ಎರಡು. ಪಾಕಿಸ್ತಾನಕ್ಕಿಂತ ನಾವು ದೊಡ್ಡವರು ಅನ್ನೋ ಲೆಕ್ಕ ಹಾಕುವಾಗ ಅದನ್ನೂ ಕಳೆಯಬೇಕು. 2025ರಲ್ಲಿ ಮಿಗ್-21 ನಿವೃತ್ತಿ ಆದ ಮೇಲೆ ವಾಯುಪಡೆಯಲ್ಲಿ ಉಳಿದದ್ದು 29 ಯುದ್ಧವಿಮಾನ ಸ್ಕ್ವಾಡ್ರನ್, ಮಂಜೂರಾಗಿರೋದು 42.

ಇತಿಹಾಸದ_ಹುಚ್ಚ
ಚೀನಾ–ಸೋವಿಯತ್ ಕೂಡ ಇದೇ ಜಾತಿಯದು. 1969ರ ಮಾರ್ಚ್‌ನಲ್ಲಿ ಉಸುರಿ ನದಿಯ ಒಂದು ಸಣ್ಣ ದ್ವೀಪಕ್ಕೆ ಎರಡು ಅಣ್ವಸ್ತ್ರ ದೇಶಗಳು ಗುಂಡು ಹಾರಿಸಿಕೊಂಡವು. ಆಮೇಲೆ ಸೋವಿಯತ್ ತನ್ನ ದೂರಪೂರ್ವ ಗಡಿಯಲ್ಲಿ ಭಾರೀ ಸೈನ್ಯ ತುಂಬಿತು. ದ್ವೀಪದ ಜಗಳ ಕಾಗದದ ಮೇಲೆ ಪೂರ್ತಿ ಬಗೆಹರಿಯೋಕೆ 1991 ಬರಬೇಕಾಯಿತು.

ಕಿರಿಕ್_ಕಿಟ್ಟಿ
ಯಾರೂ ಮದ್ದುಗುಂಡಿನ ಬಗ್ಗೆ ಮಾತಾಡ್ತಿಲ್ಲ. ಟ್ಯಾಂಕ್ ಇದ್ದು ಶೆಲ್ ಇಲ್ಲದಿದ್ದರೆ?

ಬ್ಯಾಂಕ್_ಭಾಗ್ಯ
ಕಿಟ್ಟಿ ಮೊದಲ ಸಲ ಕೆಲಸದ ಮಾತಾಡಿದರು. 2017ರ ಸಿಎಜಿ ವರದಿ ತೆಗೆದು ನೋಡಿ. ಅದರ ಲೆಕ್ಕದ ಪ್ರಕಾರ 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆಯದ್ದು ಹತ್ತು ದಿನದ ಯುದ್ಧಕ್ಕೂ ಸಾಲುತ್ತಿರಲಿಲ್ಲ. ಇರಬೇಕಾದದ್ದು 40 ದಿನಕ್ಕೆ. ಆಮೇಲೆ ತುರ್ತು ಖರೀದಿಗೆ ಸೇನೆಗೇ ಅಧಿಕಾರ ಕೊಟ್ಟು ಪರಿಸ್ಥಿತಿ ಸುಧಾರಿಸಿದರು. ಮೆರವಣಿಗೆಯಲ್ಲಿ ಕಾಣೋದು ತೋಪು, ಗೋದಾಮಿನಲ್ಲಿ ಏನಿದೆ ಅಂತ ನೋಡೋದು ಎದುರಿನವನ ಗೂಢಚಾರ.

ನಿವೃತ್ತ_ಆರ್ಮರ್ಡ್
ನೂರಕ್ಕೆ ನೂರು. ನನ್ನನ್ನು ಕೇಳಿದರೆ ಹೊಸ ಟ್ಯಾಂಕ್‌ಗಿಂತ ಮೊದಲು ಶೆಲ್, ಡ್ರೋನ್, ಡ್ರೋನ್ ಹೊಡೆಯೋ ತೋಪು. ಸಿಂಧೂರದಲ್ಲಿ ಹಳೇ ಎಲ್-70 ತೋಪುಗಳೇ ಡ್ರೋನ್ ಉದುರಿಸಿದವು ನೋಡಿದಿರಲ್ಲ. 2025ರ ಜುಲೈನಲ್ಲಿ ದ್ರಾಸ್‌ನಲ್ಲಿ ರುದ್ರ ಬ್ರಿಗೇಡ್, ಭೈರವ್ ಬೆಟಾಲಿಯನ್ ಅಂತ ಘೋಷಿಸಿದರು. ರುದ್ರ ಅಂದರೆ ಪದಾತಿ, ಟ್ಯಾಂಕ್, ತೋಪು, ಡ್ರೋನ್ ಎಲ್ಲಾ ಒಂದೇ ಬ್ರಿಗೇಡಿನಲ್ಲಿ, ಗಡಿ ಹತ್ತಿರವೇ. ರೈಲಿಗೆ ಕಾಯೋ ಕಾಟ ಕಡಿಮೆ.

ಸಂಪಿಗೆ
ಅದರ ಮುಂದಿನ ತಿಂಗಳೇ ಪಾಕಿಸ್ತಾನದವರು ರಾಕೆಟ್ ಫೋರ್ಸ್ ಕಮಾಂಡ್ ಘೋಷಿಸಿದರು. ಇಬ್ಬರೂ ಇನ್ನಷ್ಟು ಬೇಗ ಹೊರಡೋಕೆ ರೆಡಿ ಆಗ್ತಿದ್ದಾರೆ. ಸಾರ್, ಪರಾಕ್ರಮ್‌ನಲ್ಲಿ ನಿಮಗೆ ಹಿಡಿದ ಆ ಮೂರು ವಾರದಲ್ಲೇ ಮುಷರಫ್ ಭಾಷಣ ಆಯಿತು, ಅಮೆರಿಕ ಬಂತು, ಯುದ್ಧ ತಪ್ಪಿತು. ಮುಂದಿನ ಸಲ ಆ ಮೂರು ವಾರ ಇರಲ್ಲ.

ನಿವೃತ್ತ_ಆರ್ಮರ್ಡ್
ಸೈನಿಕನಿಗೆ ಮೂರು ವಾರ ತಡ ಅಂದರೆ ಅವಮಾನ ಮೇಡಂ. ನೀವು ಅದನ್ನು ವರ ಅಂತೀರಿ. ಒಪ್ಪೋಕೆ ಮನಸ್ಸಿಲ್ಲ, ತಳ್ಳಿಹಾಕೋಕೆ ಉತ್ತರ ಸಿಗ್ತಿಲ್ಲ. ಬೇಗ ಹೊರಡೋದು ಇರಲಿ, ಜೊತೆಗೆ ಡಿಜಿಎಂಒ ಫೋನ್ ಬಿಟ್ಟರೆ ಬೇರೆ ದಾರಿಯೂ ಬೇಕು ಅಂತ ಮಾತ್ರ ಹೇಳ್ತೀನಿ. ಕ್ಷಿಪಣಿ ಪರೀಕ್ಷೆಗೆ ಮುಂಚೆ ಒಬ್ಬರಿಗೊಬ್ಬರು ತಿಳಿಸಬೇಕು ಅಂತ 2005ರಲ್ಲಿ ಒಪ್ಪಂದ ಆಗಿದೆ. ಅದು ಬ್ಯಾಲಿಸ್ಟಿಕ್‌ಗೆ ಮಾತ್ರ, ಬ್ರಹ್ಮೋಸ್, ಬಾಬರ್ ಥರದ ಕ್ರೂಸ್ ಕ್ಷಿಪಣಿ ಅದರಲ್ಲಿಲ್ಲ. ಈಗ ಅವೂ ಹಾರ್ತಿವೆ.

ರಾತ್ರಿಪಾಳಿ
ಪಹಲ್ಗಾಮ್ ಮಾಡಿಸಿದವರ ಜೊತೆ ಕೂತು ಕ್ರೂಸ್ ಒಪ್ಪಂದ? ಯಾವ ಸರ್ಕಾರ ಸಹಿ ಹಾಕುತ್ತೆ ಸಾರ್?

ನಿವೃತ್ತ_ಆರ್ಮರ್ಡ್
ಸ್ಥಾವರಗಳ ಮೇಲೆ ದಾಳಿ ಮಾಡಲ್ಲ ಅನ್ನೋ ಒಪ್ಪಂದಕ್ಕೆ 1988ರಲ್ಲಿ ರಾಜೀವ್ ಗಾಂಧಿ, ಬೇನಜೀರ್ ಭುಟ್ಟೋ ಕಾಲದಲ್ಲಿ ಸಹಿ ಬಿತ್ತು. ಬ್ರಾಸ್‌ಟ್ಯಾಕ್ಸ್ ಅನ್ನೋ ನಮ್ಮ ದೊಡ್ಡ ಕವಾಯತಿನಿಂದಾಗಿ ಎರಡೂ ಸೈನ್ಯ ಗಡಿಯಲ್ಲಿ ಎದುರುಬದುರು ನಿಂತು ಆಗ ಎರಡು ವರ್ಷವೂ ಆಗಿರಲಿಲ್ಲ. ನಮ್ಮ ಪಂಜಾಬ್ ಹೊತ್ತಿ ಉರಿಯುತ್ತಿತ್ತು. ಆಗ ಸಹಿ ಹಾಕಿದ್ದರು.

ಕಿರಿಕ್_ಕಿಟ್ಟಿ
ರಾಜೀವ್ ಗಾಂಧಿ ಹೆಸರು ಬಂತು. ಇನ್ನು ಬೋಫೋರ್ಸ್ ಹಗರಣಕ್ಕೆ ಬೇರೆ ಥ್ರೆಡ್ ತೆಗೀರಪ್ಪ ಯಾರಾದರೂ.